ಸ್ಟೋರ್ಸ್‌ನ ಟೀಲ್ ಸಂಗ್ರಹ: ಫೋಟೊ ನೋಡುವ ಮೊದಲು ಪುಸ್ತಕ ಓದಿಕೊಂಡು ಹೋಗಿ

ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸ್ಟೋರ್ಸ್ ಕ್ಯಾಂಪಸ್ಸಿನಲ್ಲಿ, ಡಾಡ್ ಸೆಂಟರ್ ಕಟ್ಟಡದಲ್ಲಿ, ನಿಸರ್ಗ ಬರಹಗಾರ ಎಡ್ವಿನ್ ವೇ ಟೀಲ್ ಅವರ ಸಂಗ್ರಹವಿದೆ. ದಿನಚರಿ, ಓಡಾಟದ ಟಿಪ್ಪಣಿ, ಪುಸ್ತಕಗಳ ಕರಡು, ಪತ್ರಗಳು, ಅವುಗಳ ಜೊತೆಗೆ ಫೋಟೊ ಪ್ರಿಂಟು ಮತ್ತು ನೆಗೆಟಿವ್‌ಗಳು. ಯಾರು ಬೇಕಾದರೂ ಹೋಗಿ ನೋಡಬಹುದು, ಶುಲ್ಕವಿಲ್ಲ. ಟೀಲ್ ಪುಸ್ತಕಗಳನ್ನು ಒಂದೆರಡಾದರೂ ಓದಿಕೊಂಡು ಹೋದವರಿಗೆ ಇದು ಮುಗಿಯದ ಊಟ. ಸುಮ್ಮನೆ ಹಳೇ ಫೋಟೊ ನೋಡಿಬರೋಣ ಎಂದು ಹೋದರೆ ಸಿಗುವುದು ಬೂದು ಬಣ್ಣದ ಪೆಟ್ಟಿಗೆಗಳಷ್ಟೇ. ನಮ್ಮ ವಿಮರ್ಶೆಯ ಸಾರವೆಲ್ಲ ಈ ವ್ಯತ್ಯಾಸದಲ್ಲಿದೆ.

ಹಿನ್ನೆಲೆ ಚುಟುಕಾಗಿ. ಎಡ್ವಿನ್ ಹುಟ್ಟಿದ್ದು 1899ರಲ್ಲಿ, ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ. ಇಂಡಿಯಾನಾದ ಅರ್ಲಂ ಕಾಲೇಜಿನಲ್ಲಿ ಪರಿಚಯವಾದ ನೆಲ್ಲಿ ಡಾನವನ್ ಅವರನ್ನು 1923ರಲ್ಲಿ ಮದುವೆಯಾದರು. 1928ರಿಂದ 1941ರವರೆಗೆ ಪಾಪ್ಯುಲರ್ ಸೈನ್ಸ್ ಪತ್ರಿಕೆಯಲ್ಲಿ ನೌಕರಿ. ಆ ವರ್ಷಗಳಲ್ಲೇ ಲಾಂಗ್ ಐಲೆಂಡ್‌ನ ಬಾಲ್ಡ್‌ವಿನ್‌ನಲ್ಲಿ ಹಳೇ ಸೇಬಿನ ತೋಟವೊಂದರಲ್ಲಿ ಕೀಟಗಳ ಫೋಟೊ ತೆಗೆಯುವ ಹಕ್ಕನ್ನು ಬಾಡಿಗೆಗೆ ಹಿಡಿದರು. ತೋಟದ ಹಣ್ಣು ಮಾಲೀಕನಿಗೆ, ಹುಳ ಇವರಿಗೆ. 1937ರ ಕೀಟಚಿತ್ರಗಳ ಪುಸ್ತಕದಿಂದ ಹೆಸರು ಬಂತು. 1945ರಲ್ಲಿ ಒಬ್ಬನೇ ಮಗ ಡೇವಿಡ್ ಜರ್ಮನಿಯ ಯುದ್ಧಭೂಮಿಯಲ್ಲಿ ತೀರಿಕೊಂಡ. ಎರಡು ವರ್ಷದ ಮೇಲೆ, 1947ರಲ್ಲಿ, ಗಂಡ ಹೆಂಡತಿ ಕರಿ ಬ್ಯೂಕ್ ಕಾರಿನಲ್ಲಿ ಫ್ಲಾರಿಡಾದಿಂದ ಉತ್ತರಕ್ಕೆ ವಸಂತದ ಬೆನ್ನು ಹತ್ತಿ ಹೊರಟರು. ವಸಂತ ದಿನಕ್ಕೆ ಸುಮಾರು 15 ಮೈಲಿಯಂತೆ ಉತ್ತರಕ್ಕೆ ಸರಿಯುತ್ತದೆ ಎಂಬುದು ಅವರ ಲೆಕ್ಕ. ಆ ಪ್ರಯಾಣ 17,000 ಮೈಲಿ. ಆಮೇಲೆ ಶರತ್ತು, ಬೇಸಿಗೆ, ಚಳಿಗಾಲಗಳಿಗೂ ಒಂದೊಂದು ಪ್ರಯಾಣವಾಗಿ ಒಟ್ಟು 76,000 ಮೈಲಿ, ನಾಲ್ಕು ಪುಸ್ತಕ. ಚಳಿಗಾಲದ ಪುಸ್ತಕಕ್ಕೆ 1966ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಈ ಸಂಗ್ರಹದ ಹೆಚ್ಚುಗಾರಿಕೆ ಫೋಟೊದಲ್ಲಿ ಮಾತ್ರ ಇಲ್ಲ. ಫೋಟೊ, ಟಿಪ್ಪಣಿ, ಕರಡು ಮೂರೂ ಒಂದೇ ಸೂರಿನಡಿ ಇರುವುದರಲ್ಲಿದೆ. ಬಹುತೇಕ ನಿಸರ್ಗ ಛಾಯಾಗ್ರಾಹಕರ ಸಂಗ್ರಹಗಳಲ್ಲಿ ಒಳ್ಳೆಯ ಪ್ರಿಂಟುಗಳು ಉಳಿದಿರುತ್ತವೆ, ಯಾವ ದಿನ, ಯಾವ ಜಾಗ ಎಂಬ ಕಾಗದ ಹೋಗಿರುತ್ತದೆ. ಟೀಲ್ ಮೂಲತಃ ಪತ್ರಕರ್ತ, ಬರೆದಿಡುವ ಚಟದವರು. ಹಾಗಾಗಿ ಇಲ್ಲಿ ಕೆಲಸ ಮಾಡುವ ಸರಿಯಾದ ಕ್ರಮ ತಿರುಗುಮುರುಗು: ಮೊದಲು ಪುಸ್ತಕದ ಅಧ್ಯಾಯ, ಅದರಿಂದ ಊರು ಮತ್ತು ತಿಂಗಳು, ಅಲ್ಲಿಂದ ದಿನಚರಿ, ಕೊನೆಗೆ ಫೋಟೊ. ಉದಾಹರಣೆಗೆ ಬೇಸಿಗೆಯ ಪುಸ್ತಕದಲ್ಲಿ ಈರಿ ಸರೋವರದ ಮೇಫ್ಲೈ ಹುಳಗಳ ಪ್ರಸಂಗವಿದೆ. ಸೂಚಿಯಲ್ಲಿ, ಅಂದರೆ ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬ ಪಟ್ಟಿಯಲ್ಲಿ, ಬರೀ ‘ಮೇಫ್ಲೈ’ ಎಂದು ಹುಡುಕುವ ಬದಲು ಅಲ್ಲಿನ ಕೆಲೀಸ್ ಐಲೆಂಡ್ ಹೆಸರು, ಒಹಾಯೊ, 1957 ಎಂದು ಹುಡುಕಿ. ಚಳಿಗಾಲದ ಪುಸ್ತಕದಲ್ಲಿ ಕ್ಯಾಲಿಫೋರ್ನಿಯಾದ ಚಕ್‌ವಾಲಾ ಬೆಟ್ಟಗಳಲ್ಲಿ ಚಳಿನಿದ್ರೆ ಮಾಡುವ ಪೂರ್‌ವಿಲ್ ಹಕ್ಕಿಯ ವಿಷಯವಿದೆ. ಇದು ನಮ್ಮ ನತ್ತಿಂಗಗಳ ಬಳಗದ ಹಕ್ಕಿ. ಅದನ್ನೂ ಬೆಟ್ಟದ ಹೆಸರಿನಿಂದ ಹಿಡಿಯುವುದೇ ಮೇಲು.

ಜಾಗದ ಹೆಸರೇ ಏಕೆಂದರೆ, ಸೂಚಿ ಮುಖ್ಯವಾಗಿ ಪೆಟ್ಟಿಗೆ ಮತ್ತು ಫೋಲ್ಡರ್ ಮಟ್ಟದ್ದು. ಒಂದು ಫೋಲ್ಡರಿಗೆ ಒಂದು ಶೀರ್ಷಿಕೆ ಇರುತ್ತದೆ, ಅದರೊಳಗಿನ ಪ್ರತಿ ಚಿತ್ರಕ್ಕೂ ಪ್ರತ್ಯೇಕ ವಿವರವನ್ನು ನಿರೀಕ್ಷಿಸುವಂತಿಲ್ಲ. ಹೊಸಬರು ಎಡವುವುದು ಇಲ್ಲೇ. ಹಕ್ಕಿಯ ಹೆಸರು ಹಾಕಿ, ಏನೂ ಬರಲಿಲ್ಲ ಎಂದು ಕೈಬಿಡುತ್ತಾರೆ.

ಹಕ್ಕಿಯ ಹೆಸರಲ್ಲೇ ಹುಡುಕಬೇಕೆಂದರೆ ಆಗ ಚಾಲ್ತಿಯಲ್ಲಿದ್ದ ಹೆಸರು ಗೊತ್ತಿರಬೇಕು. ಈಗ ಅಮೆರಿಕನ್ ಕೆಸ್ಟ್ರೆಲ್ ಎನ್ನುವ ಚಾಣವನ್ನು ಆಗ ಸ್ಪ್ಯಾರೋ ಹಾಕ್ ಎನ್ನುತ್ತಿದ್ದರು. ನಾರ್ದರ್ನ್ ಹ್ಯಾರಿಯರ್ ಆಗ ಮಾರ್ಷ್ ಹಾಕ್. ವುಡ್ ಸ್ಟಾರ್ಕ್ ಆಗ ವುಡ್ ಐಬಿಸ್. ಹೆಸರು ಐಬಿಸ್ ಎಂದಿದ್ದರೂ ಹಕ್ಕಿ ಕೊಕ್ಕರೆಯೇ. ಟ್ರೈಕಲರ್ಡ್ ಹೆರಾನ್ ಆಗ ಲೂಯಿಸಿಯಾನಾ ಹೆರಾನ್. ಪೆರಿಗ್ರಿನ್‌ಗೆ ಡಕ್ ಹಾಕ್ ಎಂಬ ಹೆಸರೂ ಇತ್ತು. ಫ್ಲಾರಿಡಾ ಭಾಗದ ಚಿತ್ರ ಹುಡುಕುವವರಿಗೆ ಈ ಪೈಕಿ ಎರಡು ಮೂರು ಹೆಸರು ಬಾಯಿಪಾಠ ಇಲ್ಲದೆ ನಡೆಯುವುದಿಲ್ಲ.

ಶೀರ್ಷಿಕೆಗಳಲ್ಲಿ ಇನ್ನೊಂದು ತೊಡಕಿದೆ. 1959ರಲ್ಲಿ ದಂಪತಿ ಕನೆಕ್ಟಿಕಟ್‌ನ ಹ್ಯಾಂಪ್ಟನ್ ಎಂಬ ಹಳ್ಳಿಯ ಹಳೇ ಜಮೀನಿಗೆ ಮನೆ ಬದಲಿಸಿದರು, ಅದಕ್ಕೆ ಟ್ರೇಲ್ ವುಡ್ ಎಂದು ಹೆಸರಿಟ್ಟರು. ಅಲ್ಲಿನ ಹುಲ್ಲುಗಾವಲು, ಕಾಲುದಾರಿಗಳಿಗೆಲ್ಲ ತಾವೇ ಹೆಸರು ಕೊಟ್ಟರು: ಸ್ಟಾರ್‌ಫೀಲ್ಡ್, ಫೈರ್‌ಫ್ಲೈ ಮೆಡೋ ಹೀಗೆ. ಇವು ಸಾಮಾನ್ಯ ಭೂಪಟಗಳಲ್ಲಿ ಸಿಗುವುದಿಲ್ಲ. ಆ ಜಮೀನಿನ ಬಗ್ಗೆ ಅವರೇ 1974ರಲ್ಲಿ ಬರೆದ ಪುಸ್ತಕ, ಜೊತೆಗೆ ಟ್ರೇಲ್ ವುಡ್‌ನ ಕಾಲುದಾರಿಗಳ ನಕ್ಷೆ ಎರಡನ್ನೂ ಪಕ್ಕದಲ್ಲಿಟ್ಟುಕೊಂಡರೆ ಶೀರ್ಷಿಕೆ ಬಿಡಿಸಿಕೊಳ್ಳುತ್ತದೆ.

ಓದುವ ಕೋಣೆಯ ನಿಯಮಗಳು ಎಲ್ಲ ದೊಡ್ಡ ಸಂಗ್ರಹಾಲಯಗಳಂತೆಯೇ. ಬ್ಯಾಗು ಹೊರಗೆ, ಪೆನ್ನು ಬೇಡ, ಪೆನ್ಸಿಲ್ ಸಾಕು. ಬೇಕಾದ ಪೆಟ್ಟಿಗೆ, ಫೋಲ್ಡರ್ ಸಂಖ್ಯೆಗಳನ್ನು ಸೂಚಿಯಿಂದ ಬರೆದುಕೊಂಡು ಮೊದಲೇ ಇಮೇಲ್ ಹಾಕಿ, ದಿನ ಖಚಿತ ಮಾಡಿಕೊಳ್ಳಿ. ದೂರದಿಂದ ಬರುವವರು ಇದನ್ನು ವಾರ ಮುಂಚೆಯಾದರೂ ಮಾಡಬೇಕು. ಬೇಸಿಗೆ ರಜೆ, ಥ್ಯಾಂಕ್ಸ್‌ಗಿವಿಂಗ್, ಡಿಸೆಂಬರ್ ಕೊನೆಯ ವಾರಗಳಲ್ಲಿ ವಿಶ್ವವಿದ್ಯಾಲಯದ ವೇಳಾಪಟ್ಟಿಯೇ ಬೇರೆ. ನೆಗೆಟಿವ್ ನೋಡಬೇಕಿದ್ದರೆ ಅದನ್ನು ಇಮೇಲ್‌ನಲ್ಲೇ ಸ್ಪಷ್ಟವಾಗಿ ಬರೆಯಿರಿ. ತಂಪು ಕೋಣೆಯಲ್ಲಿಟ್ಟ ಫಿಲ್ಮನ್ನು ಯಾವ ಸಂಗ್ರಹಾಲಯದಲ್ಲೂ ಕೇಳಿದ ತಕ್ಷಣ ತಂದು ಬಿಚ್ಚುವುದಿಲ್ಲ. ತಣ್ಣನೆಯ ಫಿಲ್ಮಿನ ಮೇಲೆ ಹೊರಗಿನ ಗಾಳಿಯ ತೇವ ಕೂತರೆ ಎಮಲ್ಷನ್, ಅಂದರೆ ಚಿತ್ರ ಮೂಡಿರುವ ಪದರ, ಹಾಳಾಗುತ್ತದೆ, ಅದಕ್ಕೇ ಮುಚ್ಚಿದ ಪೊಟ್ಟಣದಲ್ಲೇ ಕೋಣೆಯ ಬಿಸಿಗೆ ಬರಲು ಬಿಡುತ್ತಾರೆ.

ಪ್ರಿಂಟು ಕೈಗೆ ಬಂದಾಗ ಮೊದಲು ಹಿಂಬದಿ ನೋಡಿ. ಪತ್ರಿಕೆಗಳಿಗೆ ಹೋಗಿಬಂದ ಪ್ರಿಂಟುಗಳ ಜೀವನಚರಿತ್ರೆ ಇರುವುದು ಅಲ್ಲೇ: ಮೊಹರು, ಅಳತೆ ಕಡಿಮೆ ಮಾಡಲು ಕೊಟ್ಟ ಸೂಚನೆ, ಟೈಪು ಮಾಡಿ ಅಂಟಿಸಿದ ಚೀಟಿ. ಮುಂಬದಿಯಲ್ಲಿ ಕತ್ತರಿಸುವ ಗುರುತುಗಳಿದ್ದರೆ ಪುಸ್ತಕದಲ್ಲಿ ಅಚ್ಚಾದ ಚಿತ್ರಕ್ಕೂ ಇದಕ್ಕೂ ಹೋಲಿಸಿ ನೋಡಿ, ಏನನ್ನು ಹೊರಗೆ ಬಿಟ್ಟರು ಎಂಬುದು ಗೊತ್ತಾಗುತ್ತದೆ. ಹಿಂಬದಿಯ ಸ್ಕ್ಯಾನನ್ನೂ ಕೇಳಿ ತೆಗೆದುಕೊಳ್ಳಿ. ಕೇಳದಿದ್ದರೆ ಸಾಮಾನ್ಯವಾಗಿ ಮುಂಬದಿ ಮಾತ್ರ ಬರುತ್ತದೆ.

ಕೀಟಚಿತ್ರಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 1930ರ ದಶಕದಲ್ಲಿ ಸೂರ್ಯನ ಕುದುರೆಯ ಮುಖವನ್ನು ಅದರ ನಿಜ ಅಳತೆಯಲ್ಲಿ ನೆಗೆಟಿವ್ ಮೇಲೆ ಮೂಡಿಸಬೇಕೆಂದರೆ ಬೆಲ್ಲೋಸನ್ನು (ಲೆನ್ಸು ಮತ್ತು ಫಿಲ್ಮಿನ ನಡುವಿನ, ಎಳೆದರೆ ಉದ್ದವಾಗುವ ಮಡಿಕೆಚೀಲ) ಲೆನ್ಸಿನ ಫೋಕಲ್ ಲೆಂತಿನ ಎರಡರಷ್ಟು ಎಳೆಯಬೇಕು. ಆಗ ಫಿಲ್ಮಿಗೆ ತಲುಪುವ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಕಣ್ಣು, ಮೀಸೆ ಎರಡೂ ಸ್ಪಷ್ಟವಾಗಬೇಕಾದರೆ ಅಪರ್ಚರನ್ನು, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, ಎಫ್ 22, ಎಫ್ 32ರವರೆಗೆ ಮುಚ್ಚಬೇಕು. ಫಿಲ್ಮೋ, ಇವತ್ತಿನ ಲೆಕ್ಕದಲ್ಲಿ ತೀರಾ ನಿಧಾನದ್ದು. ಉಳಿಯುವುದು ಎರಡೇ ದಾರಿ: ಕಣ್ಣು ಕುಕ್ಕುವಷ್ಟು ಬೆಳಕು ಸುರಿಯುವುದು, ಇಲ್ಲವೇ ಹುಳ ಅಲ್ಲಾಡದಂತೆ ನೋಡಿಕೊಳ್ಳುವುದು. ಆ ಕಾಲದ ಕೀಟ ಛಾಯಾಗ್ರಾಹಕರಲ್ಲಿ ಹುಳವನ್ನು ತಂಪುಪೆಟ್ಟಿಗೆಯಲ್ಲಿಟ್ಟು ಮಂಕಾಗಿಸಿ, ಮೇಜಿನ ಮೇಲೆ ಕೂರಿಸಿ ಚಿತ್ರ ತೆಗೆಯುವ ರೂಢಿಯಿತ್ತು. ಹಾಗಾಗಿ ಯಾವುದೇ ಕ್ಲೋಸಪ್ ನೋಡುವಾಗ ಹಿನ್ನೆಲೆ ಗಮನಿಸಿ. ಪೂರ್ತಿ ಕಪ್ಪು ಅಥವಾ ಒಂದೇ ಬಣ್ಣದ ಹಿನ್ನೆಲೆ, ನೆರಳು ಎರಡು ಕಡೆಗೆ, ಕಡ್ಡಿಯೊಂದು ಚೌಕಟ್ಟಿನ ಅಂಚಿನಿಂದ ನೇರ ಬಂದು ನಿಂತಿದ್ದರೆ ಅದು ಒಳಾಂಗಣದ ಚಿತ್ರ ಇರಬಹುದು. ಇದನ್ನು ಮೋಸ ಎನ್ನುವುದು ತಪ್ಪು, ಆ ಉಪಕರಣಕ್ಕೆ ಬೇರೆ ದಾರಿ ಇರಲಿಲ್ಲ. ಆದರೆ ಕೀಟದ ಸಹಜ ವರ್ತನೆಗೆ ಸಾಕ್ಷಿಯಾಗಿ ಇಂಥ ಚಿತ್ರವನ್ನು ಲೇಖನದಲ್ಲಿ ಬಳಸುವ ಮೊದಲು ಅದೇ ದಿನದ ಟಿಪ್ಪಣಿ ನೋಡಲೇಬೇಕು. ನಮ್ಮ ಅಭಿಪ್ರಾಯದಲ್ಲಿ ಟೀಲ್‌ರ ಕೀಟಚಿತ್ರಗಳು ಇವತ್ತಿಗೂ ತಾಂತ್ರಿಕವಾಗಿ ಗಟ್ಟಿ. ಪ್ರಯಾಣದ ಭೂದೃಶ್ಯಗಳು ಅಷ್ಟಿಲ್ಲ; ಬರಹಕ್ಕೆ ಜೊತೆಯಾಗಿ ಚೆನ್ನ, ಗೋಡೆಗೆ ತೂಗುಹಾಕಲು ಸಪ್ಪೆ.

ಪ್ರತಿ ಮಾಡಿಸುವವರಿಗೆ ಲೆಕ್ಕ ಹೀಗೆ. ನಾಲ್ಕು ಇಂಚು ಐದು ಇಂಚಿನ ನೆಗೆಟಿವನ್ನು 1200 ಪಿಪಿಐನಲ್ಲಿ (ಇಂಚಿಗೆ 1200 ಪಿಕ್ಸೆಲ್) ಸ್ಕ್ಯಾನ್ ಮಾಡಿದರೆ 4800×6000 ಪಿಕ್ಸೆಲ್ ಸಿಗುತ್ತದೆ. ಎಂಟು ಇಂಚು ಹತ್ತು ಇಂಚಿನ ಪ್ರಿಂಟಿಗೆ 600 ಪಿಪಿಐ ಸಾಕು, ಫಲ ಅಷ್ಟೇ. ಎ4 ಪುಟ ತುಂಬ 300 ಡಿಪಿಐಯಲ್ಲಿ ಅಚ್ಚು ಹಾಕಲು ಬೇಕಾಗುವುದು 2480×3508, ಆದ್ದರಿಂದ ಮೇಲೆ ಹೇಳಿದ ಪಿಪಿಐಗಿಂತ ಹೆಚ್ಚು ಕೇಳಿ ದುಡ್ಡು ಕಳೆಯಬೇಡಿ. ಟಿಫ್ ಫೈಲು ಕೇಳಿ, ಜೆಪೆಗ್ ನೀವೇ ಮಾಡಿಕೊಳ್ಳಬಹುದು. ನೆಗೆಟಿವ್ ಇದ್ದರೆ ಪ್ರಿಂಟಿನ ಬದಲು ಅದನ್ನೇ ಆರಿಸಿ ಎಂಬುದು ಸಾಮಾನ್ಯ ಬುದ್ಧಿವಾದ. ಆದರೆ ಟೀಲ್ ವಿಷಯದಲ್ಲಿ ಪ್ರಿಂಟನ್ನೂ ಬಿಡಬಾರದು, ಯಾವುದನ್ನು ಕತ್ತಲು ಮಾಡಬೇಕು, ಯಾವುದನ್ನು ತೋರಿಸಬೇಕು ಎಂಬ ತೀರ್ಮಾನ ಪ್ರಿಂಟಿನಲ್ಲಿದೆ. ಹಳೇ ಅಸಿಟೇಟ್ ಫಿಲ್ಮಿಗೆ ವಿನಿಗರ್ ವಾಸನೆ ಬರುತ್ತಿದ್ದರೆ, ಅಂಚು ಸುರುಳಿಗಟ್ಟಿದ್ದರೆ ಕೂಡಲೇ ಸಿಬ್ಬಂದಿಗೆ ಹೇಳಿ. ಆ ಕೊಳೆತ ಪಕ್ಕದ ಫಿಲ್ಮಿಗೂ ಹಬ್ಬುತ್ತದೆ. ಇನ್ನು ಬಣ್ಣದ ಸ್ಲೈಡ್ ಕಂಡರೆ ಅದರ ಚೌಕಟ್ಟಿನ (ಮೌಂಟ್) ಮೇಲಿನ ಅಕ್ಷರ ಓದಿ, ಫಿಲ್ಮಿನ ಹೆಸರು ಗೊತ್ತಾಗುತ್ತದೆ: ಕತ್ತಲಲ್ಲಿಟ್ಟ ಕೊಡಕ್ರೋಮ್ ದಶಕಗಳ ಮೇಲೂ ಬಣ್ಣ ಬಿಡುವುದಿಲ್ಲ, ಅದೇ ಕಾಲದ ಎಕ್ಟಾಕ್ರೋಮ್ ಕೆಂಗುಲಾಬಿಗೆ ತಿರುಗಿರುತ್ತದೆ.

ಆನ್‌ಲೈನ್‌ನಲ್ಲಿ ಕನೆಕ್ಟಿಕಟ್ ಡಿಜಿಟಲ್ ಆರ್ಕೈವ್ ಮೂಲಕ ಒಂದು ಭಾಗ ಮಾತ್ರ ಸಿಗುತ್ತದೆ. ಬೆಂಗಳೂರಲ್ಲೋ ಶಿವಮೊಗ್ಗದಲ್ಲೋ ಕೂತು ರುಚಿ ನೋಡಲು ಅಷ್ಟು ಸಾಕು. ನೋಡಲು ಬಿಟ್ಟಿದ್ದಾರೆ ಎಂದು ಅಚ್ಚು ಹಾಕಬಹುದು ಎಂದಲ್ಲ. ಪ್ರಿಂಟಿನ ಒಡೆತನ ಬೇರೆ, ಹಕ್ಕುಸ್ವಾಮ್ಯ ಬೇರೆ. ಎಡ್ವಿನ್ ತೀರಿಕೊಂಡದ್ದು 1980ರಲ್ಲಿ. ಅಮೆರಿಕದ ಕಾನೂನಿನಂತೆ ಅವರ ಅಪ್ರಕಟಿತ ಚಿತ್ರಗಳ ಹಕ್ಕು ಅವರ ನಂತರ 70 ವರ್ಷ, ಅಂದರೆ 2050ರ ಕೊನೆಯವರೆಗೆ ಉಳಿಯುತ್ತದೆ. ಪತ್ರಿಕೆಗೋ ಪುಸ್ತಕಕ್ಕೋ ಬೇಕಿದ್ದರೆ ಹಕ್ಕು ಯಾರ ಬಳಿ ಇದೆ ಎಂದು ಸಿಬ್ಬಂದಿಯನ್ನು ಕೇಳಿ, ಅನುಮತಿಯನ್ನು ಬರಹದಲ್ಲೇ ತೆಗೆದುಕೊಳ್ಳಿ.

ನಮ್ಮ ದೊಡ್ಡ ತಕರಾರು ನೆಲ್ಲಿ ಅವರ ಬಗ್ಗೆ. ನಾಲ್ಕೂ ಪ್ರಯಾಣದಲ್ಲಿ ಜೊತೆಗಿದ್ದವರು ಅವರು. ಪುಸ್ತಕ ಓದಿದವರಿಗೆ ‘ನಾವು’ ಎಂಬ ಮಾತು ಪುಟಪುಟದಲ್ಲೂ ಕೇಳಿರುತ್ತದೆ. ಸಂಗ್ರಹದ ಹೆಸರಲ್ಲಿ ಮಾತ್ರ ಎಡ್ವಿನ್ ಒಬ್ಬರೇ. ನೆಲ್ಲಿ ಎಂದು ಹುಡುಕಿದರೆ ಅವರು ಚಿತ್ರದೊಳಗಿನ ವ್ಯಕ್ತಿಯಾಗಿ ಸಿಗುತ್ತಾರೆ, ಚಿತ್ರದ ಹಿಂದಿನ ಕೆಲಸಗಾರ್ತಿಯಾಗಿ ಸಿಗುವುದು ಕಷ್ಟ. ಅವರ ಪಾಲು ಎಷ್ಟೆಂದು ತಿಳಿಯಬೇಕಾದವರು ಫೋಟೊ ಫೋಲ್ಡರ್ ಬಿಟ್ಟು ದಿನಚರಿಯನ್ನೇ ಸಾಲುಸಾಲಾಗಿ ಓದಬೇಕು: ಹಕ್ಕಿಯನ್ನು ಮೊದಲು ಕಂಡವರು ಯಾರು, ಕೂಗು ಗುರುತಿಸಿದವರು ಯಾರು ಎಂದು. ಈಗಿನ ಕಾಲಕ್ಕೆ ಸೂಚಿಯಲ್ಲಿ ಒಂದು ಅಡ್ಡ ಉಲ್ಲೇಖ ಸೇರಿಸುವುದು ದೊಡ್ಡ ಕೆಲಸವೇನಲ್ಲ. ಪತ್ರಗಳ ವಿಭಾಗದ ಬಗ್ಗೆಯೂ ಒಂದು ಮಾತು: ಟೀಲ್ 1945ರಲ್ಲೇ ಡಿಡಿಟಿ ಕೀಟನಾಶಕದ ಬಗ್ಗೆ ಎಚ್ಚರಿಸಿ ಪತ್ರಿಕೆಯಲ್ಲಿ ಬರೆದವರು, ‘ಸೈಲೆಂಟ್ ಸ್ಪ್ರಿಂಗ್’ ಬರೆದ ರೇಚಲ್ ಕಾರ್ಸನ್ ಅವರ ಸ್ನೇಹಿತರು. ಕೀಟನಾಶಕದ ಚರಿತ್ರೆ ಬರೆಯುವವರು ಫೋಟೊಗಳಲ್ಲೇ ಮುಳುಗಿ ಆ ಪೆಟ್ಟಿಗೆಗಳನ್ನು ಮರೆಯಬಾರದು.

ಸ್ಟೋರ್ಸ್‌ಗೆ ರೈಲಿಲ್ಲ. ಹಾರ್ಟ್‌ಫರ್ಡ್ ಕಡೆ ವಿಮಾ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ, ಬಾಸ್ಟನ್‌ನಿಂದ ಬರುವವರಿಗೆ ಇನ್ನೂ ಹೆಚ್ಚು. ಕ್ಯಾಂಪಸ್ಸಿನಲ್ಲಿ ದುಡ್ಡು ಕೊಟ್ಟು ನಿಲ್ಲಿಸುವ ಗರಾಜುಗಳಿವೆ, ರಸ್ತೆ ಬದಿ ನಿಲ್ಲಿಸಿದರೆ ದಂಡದ ಚೀಟಿ ಗ್ಯಾರಂಟಿ. ಬೆಳಗ್ಗೆ ಸಂಗ್ರಹ, ಮಧ್ಯಾಹ್ನದ ಮೇಲೆ ಟ್ರೇಲ್ ವುಡ್ ಎಂದು ಇಟ್ಟುಕೊಂಡರೆ ದಿನ ಸಾರ್ಥಕ. ಆ ಜಮೀನು ಈಗ ಕನೆಕ್ಟಿಕಟ್ ಆಡುಬಾನ್ ಸಂಸ್ಥೆಯ ರಕ್ಷಿತ ಜಾಗ, ಕಾಲುದಾರಿಗಳಲ್ಲಿ ಹಗಲಲ್ಲಿ ನಡೆಯಬಹುದು. ಕೊಳದ ಪಕ್ಕ ಅವರು ಬರೆಯುತ್ತಿದ್ದ ಮರದ ಗುಡಿಸಲು ಇದೆ. ಬೆಳಗ್ಗೆ ನೋಡಿದ ಪ್ರಿಂಟಿನ ಪ್ರತಿ ಮೊಬೈಲಿನಲ್ಲಿದ್ದರೆ ಅದೇ ಜಾಗದಲ್ಲಿ ನಿಂತು ಹೋಲಿಸಬಹುದು, ಆದರೆ ಓದುವ ಕೋಣೆಯಲ್ಲಿ ಮೊಬೈಲ್ ಫೋಟೊ ತೆಗೆಯುವ ಮೊದಲು ಸಿಬ್ಬಂದಿಯನ್ನು ಕೇಳಿ, ಫ್ಲ್ಯಾಶ್ ಆರಿಸಿ. ಮೇ ತಿಂಗಳಿಂದ ಜುಲೈವರೆಗೆ ಉಣುಗಿನ ಕಾಟ ಜೋರು. ಉಣುಗಿನಿಂದ ಹರಡುವ ಲೈಮ್ ಕಾಯಿಲೆಗೆ ಹೆಸರು ಬಂದದ್ದೇ ಇದೇ ರಾಜ್ಯದ ಲೈಮ್ ಊರಿಂದ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ: ತಿಳಿ ಬಣ್ಣದ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ, ಹುಲ್ಲಿನಲ್ಲಿ ಕೂರಬೇಡಿ, ಕಾರು ಹತ್ತುವ ಮೊದಲು ಮಂಡಿಯ ಹಿಂಭಾಗ ನೋಡಿಕೊಳ್ಳಿ.