ರೀಪರ್ 7: ಪ್ಲಗ್‌ಇನ್ ತಡವನ್ನು ಮುಚ್ಚಿಡದ ಸಾಫ್ಟ್‌ವೇರ್

ಭಾವಗೀತೆ, ವಚನ, ದಾಸರ ಪದಗಳನ್ನು ರೆಕಾರ್ಡ್ ಮಾಡಿಕೊಡುವುದು ಧಾರವಾಡದಲ್ಲಿ ನನ್ನ ಕೆಲಸ. ಹಾಡುವವರು ಒಬ್ಬರು, ಜೊತೆಗೆ ಹಾರ್ಮೋನಿಯಂ, ತಬಲಾ. ಈ ಕೆಲಸಕ್ಕೆ ಕೋಕೋಸ್ ಕಂಪನಿಯ ರೀಪರ್ ಅನ್ನುವ ರೆಕಾರ್ಡಿಂಗ್, ಮಿಕ್ಸಿಂಗ್ ಸಾಫ್ಟ್‌ವೇರ್ ಬಳಸುತ್ತೇನೆ. ಹಾಡು ಕೇಳುವ ವಿನ್ಯಾಂಪ್ ಸಾಫ್ಟ್‌ವೇರ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಕಟ್ಟಿದವರು. 60 ದಿನ ಪೂರ್ತಿ ಬಳಸಿ ನೋಡಬಹುದು, ಆಮೇಲೆ ನಮ್ಮಂಥ ಸಣ್ಣವರಿಗೆ ಲೈಸೆನ್ಸ್ 60 ಡಾಲರ್. ದೊಡ್ಡ ವಹಿವಾಟಿನವರಿಗೆ 225.

ನನಗೆ ಇದು ಹಿಡಿಸಿದ್ದು ತಡವನ್ನು ಸಂಭಾಳಿಸುವ ರೀತಿಗೆ. ಪ್ಲಗ್‌ಇನ್ ಅಂದರೆ ಶಬ್ದವನ್ನು ತಿದ್ದಲು ಟ್ರ್ಯಾಕಿನ ಮೇಲೆ ಹಾಕುವ ಸಣ್ಣ ಸಾಫ್ಟ್‌ವೇರ್. ಕೆಲವು ಪ್ಲಗ್‌ಇನ್‌ಗಳು ಮುಂದಿನ ಶಬ್ದವನ್ನು ನೋಡಿಕೊಂಡೇ ಕೆಲಸ ಮಾಡಬೇಕು, ಹಾಗಾಗಿ ಶಬ್ದವನ್ನು ಸ್ವಲ್ಪ ಹೊತ್ತು ತಡೆದು ಬಿಡುತ್ತವೆ. ತಬಲಾದ ಟ್ರ್ಯಾಕನ್ನು ಇನ್ನೊಂದು ಟ್ರ್ಯಾಕಿಗೆ ಕಳಿಸಿ, ಅಲ್ಲಿ ರೀಕಾಂಪ್ ಎಂಬ ಕಂಪ್ರೆಸರ್ (ಜೋರು-ಮೆದುವಿನ ಅಂತರ ತಗ್ಗಿಸುವ ಪ್ಲಗ್‌ಇನ್) ಹಾಕಿ ಬಿಗಿಯಾಗಿ ಒತ್ತಿ, ಮೂಲದ ಜೊತೆ ಬೆರೆಸುವುದು ನನ್ನ ರೂಢಿ. ರೀಕಾಂಪ್‌ನಲ್ಲಿ ಪ್ರೀ-ಕಾಂಪ್, ಅಂದರೆ ಮುಂದೆ ನೋಡುವ ಅವಧಿ, 5 ಮಿಲಿಸೆಕೆಂಡ್ ಇಟ್ಟರೆ 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಶಬ್ದದ 48,000 ಅಳತೆ, ಅಂದರೆ ಸ್ಯಾಂಪಲ್) 240 ಸ್ಯಾಂಪಲ್ ತಡ. ಅದನ್ನು ಸರಿದೂಗಿಸದಿದ್ದರೆ ಎರಡೂ ಬೆರೆತಾಗ 100, 300, 500 ಹರ್ಟ್ಸ್ ಹೀಗೆ ಒಂದೊಂದು ಕಡೆ ಶಬ್ದ ಕೊಚ್ಚಿಹೋಗುತ್ತದೆ. ಎಡಗೈಯ ಡಗ್ಗಾದ ಗುಮ್ಮು ಸತ್ತು, ಬಲಗೈಯ ದಾಯಾಂ ಕೊಳವೆಯೊಳಗಿಂದ ಬಂದ ಹಾಗೆ ಕೇಳುತ್ತದೆ. ರೀಪರ್ ಎರಡನ್ನೂ ತಾನೇ ಸಾಲಿಗೆ ತರುತ್ತದೆ. ಎಷ್ಟು ಸ್ಯಾಂಪಲ್ ತಡ ಅನ್ನುವುದನ್ನು ಪ್ಲಗ್‌ಇನ್‌ಗಳನ್ನು ಹಾಕುವ ಎಫ್‌ಎಕ್ಸ್ ಕಿಟಕಿಯ ಕೆಳಗೇ ತೋರಿಸುತ್ತದೆ. ಪ್ಲಗ್‌ಇನ್ ಹಾಕಿದ ಕೂಡಲೇ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಆದರೆ ಪ್ಲಗ್‌ಇನ್ ತನ್ನ ತಡವನ್ನು ಎಷ್ಟೆಂದು ಹೇಳುತ್ತದೋ ಅಷ್ಟನ್ನೇ ಯಾವ ಸಾಫ್ಟ್‌ವೇರ್ ಆದರೂ ಸರಿಪಡಿಸಬಲ್ಲದು. ನನ್ನಲ್ಲಿರುವ ಬೇರೆಯವರ ಒಂದು ಪುಕ್ಕಟೆ ಕಂಪ್ರೆಸರ್ ಸೊನ್ನೆ ಎಂದು ಹೇಳಿ ತಡ ಮಾಡುತ್ತದೆ. ಪತ್ತೆ ಮಾಡುವುದು ಸುಲಭ: ಟ್ರ್ಯಾಕಿನ ನಕಲು ಮಾಡಿ, ಒಂದರ ಮೇಲೆ ಮಾತ್ರ ಆ ಪ್ಲಗ್‌ಇನ್ ಏನನ್ನೂ ಒತ್ತದ ಹಾಗೆ ಹಾಕಿ, ಇನ್ನೊಂದರಲ್ಲಿ ಶಬ್ದದ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಬಟನ್ ಒತ್ತಿ. ಎರಡೂ ಸೇರಿ ಪೂರ್ತಿ ನಿಶ್ಶಬ್ದವಾಗಬೇಕು. ಚರಚರ ಕೇಳಿದರೆ ಸಂಶಯ ತಡದ ಮೇಲೇ. ರೀಪರ್ ಜೊತೆಗೇ ಬರುವ ‘ಟೈಮ್ ಅಡ್ಜಸ್ಟ್‌ಮೆಂಟ್ ಡಿಲೇ’ ಎಂಬ ಪ್ಲಗ್‌ಇನ್ ಮೈನಸ್ ಅಂಕಿಯನ್ನೂ ತೆಗೆದುಕೊಳ್ಳುತ್ತದೆ. ಅದನ್ನು ತಡವಾದ ಟ್ರ್ಯಾಕಿನ ಮೇಲೆ ಹಾಕಿ, ಒಂದೊಂದೇ ಸ್ಯಾಂಪಲ್ ಹಿಂದಕ್ಕೆ ಸರಿಸಿ, ನಿಶ್ಶಬ್ದ ಸಿಕ್ಕಲ್ಲಿ ನಿಲ್ಲಿಸುತ್ತೇನೆ. ಇಷ್ಟು ಸಣ್ಣ ಉಪಕರಣ, ಆದರೆ ನನಗೆ ದೊಡ್ಡ ಪ್ಲಗ್‌ಇನ್‌ಗಳಿಗಿಂತ ಇದರ ಮೇಲೆ ಪ್ರೀತಿ ಜಾಸ್ತಿ.

ಮಿಕ್ಸಿಂಗ್‌ಗೆ ಇದೆಲ್ಲ ಚೆನ್ನ. ರೆಕಾರ್ಡಿಂಗ್ ಹೊತ್ತಿನ ಕಥೆ ಬೇರೆ. ಬಾರಿಸುವ ಕೈ ಇನ್ನೂ ಏಳದ ಪೆಟ್ಟನ್ನು ಯಾವ ಲೆಕ್ಕವೂ ಮೊದಲೇ ಕೇಳಿಸಲಾರದು. ಫ್ಯಾನ್ ಸದ್ದು ಕಳೆಯಲು ರೀಎಫ್‌ಐಆರ್ ಪ್ಲಗ್‌ಇನ್ ಬಲು ಒಳ್ಳೆಯದು, ಆದರೆ ಅದು ಒಮ್ಮೆಗೆ ವಿಶ್ಲೇಷಿಸುವ ತುಣುಕು, ಅಂದರೆ ಎಫ್‌ಎಫ್‌ಟಿ ಗಾತ್ರ, 4096 ಸ್ಯಾಂಪಲ್ ಇದ್ದಾಗ ತಡ ಸುಮಾರು 85 ಮಿಲಿಸೆಕೆಂಡ್. ಅದನ್ನು ತಬಲಾ ಟ್ರ್ಯಾಕಿನ ಮೇಲೆ ಬಿಟ್ಟು ಮಾನಿಟರ್ ಮಾಡಿಸಿದರೆ ನಮ್ಮ ತಬಲಾದವರು ಹೆಡ್‌ಫೋನ್ ತೆಗೆದಿಟ್ಟು, “ನನ್ನ ‘ನಾ’ ನನಗ ಹಿಂದಿಂದ ಬಂದಂಗ ಕೇಳಾಕತ್ತೈತ್ರಿ” ಅನ್ನುತ್ತಾರೆ (‘ನಾ’ ಅಂದರೆ ತಬಲಾದ ಒಂದು ಪೆಟ್ಟು). ಅವರು ಅಷ್ಟು ಹೇಳಿದರೆ ಸಾಕು, ಟೇಕ್ ಆ ಕ್ಷಣಕ್ಕೇ ಮುಗಿಯಿತು. ದ್ರುತ್ (ವೇಗದ) ಲಯದಲ್ಲಂತೂ ಕೈ ಕಾಯುತ್ತಾ ಕೂರುತ್ತದೆ, ಲಯ ಎಳೆಯುತ್ತದೆ. ಅದಕ್ಕೇ ರೆಕಾರ್ಡಿಂಗ್ ಹೊತ್ತಿಗೆ ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಶಬ್ದದ ತುಣುಕು) 64 ಸ್ಯಾಂಪಲ್, ಅಂದರೆ ಒಂದು ದಿಕ್ಕಿಗೆ 1.3 ಮಿಲಿಸೆಕೆಂಡ್. ತಡ ಮಾಡುವ ಪ್ಲಗ್‌ಇನ್‌ಗಳನ್ನೆಲ್ಲ, ಎಲ್ಲ ಟ್ರ್ಯಾಕ್ ಸೇರುವ ಮಾಸ್ಟರ್ ಮೇಲಿನ ಲಿಮಿಟರ್ ಸಹಿತ, ಆಫ್‌ಲೈನ್ ಮಾಡುತ್ತೇನೆ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸುತ್ತೇನೆ. ಮಿಕ್ಸಿಂಗ್‌ಗೆ ಬಫರ್ 1024ಕ್ಕೆ ಏರಿಸಿದರೆ ಹಳೆಯ ಲ್ಯಾಪ್‌ಟಾಪೂ ಉಸಿರಾಡುತ್ತದೆ.

ರೀಪರ್ ಮೇಲೆ ನನ್ನ ತಕರಾರು ಇರುವುದು ಇಲ್ಲಿಯೇ. ಇಂಥದೇ ಇನ್ನೊಂದು ಸಾಫ್ಟ್‌ವೇರ್ ಲಾಜಿಕ್‌ನಲ್ಲಿ ಲೋ ಲೇಟೆನ್ಸಿ (ಕಡಿಮೆ ತಡದ) ಮೋಡ್ ಇದೆ, ಕ್ಯೂಬೇಸ್‌ನಲ್ಲೂ ಅಂಥದೇ ಒಂದು ಬಟನ್ ಇದೆ. ಒತ್ತಿದರೆ ತಡದ ಪ್ಲಗ್‌ಇನ್‌ಗಳು ತಾವೇ ಬದಿಗೆ ಸರಿಯುತ್ತವೆ. ರೀಪರ್‌ನಲ್ಲಿ ಈ ಕೆಲಸವನ್ನು ಕೈಯಾರೆ ಮಾಡಬೇಕು, ಇಲ್ಲವೇ ಆಕ್ಷನ್‌ಗಳನ್ನು (ರೀಪರ್‌ನ ಆಜ್ಞೆಗಳನ್ನು) ಜೋಡಿಸಿ ಕೀಬೋರ್ಡಿನ ಒಂದು ಕೀಗೆ ಕಟ್ಟಿಕೊಳ್ಳಬೇಕು. ನಾನು ಕಟ್ಟಿಕೊಂಡಿದ್ದೇನೆ. ಹೊಸಬರಿಗೆ ಇದು ತಲೆನೋವು. ಈಗಿನ ಲೈಸೆನ್ಸ್ ಆವೃತ್ತಿ 8.99ರವರೆಗೂ ನಡೆಯುತ್ತದೆ, ಅಷ್ಟರೊಳಗೆ ಅಂಥದೊಂದು ಬಟನ್ ಬಂದರೆ ತಬಲಾದವರನ್ನು ಕೂರಿಸಿಕೊಂಡು ಎಫ್‌ಎಕ್ಸ್ ಕಿಟಕಿ ತೆರೆದು ಮುಚ್ಚುವ ಕೆಲಸ ತಪ್ಪುತ್ತದೆ.