ಸಿ ಶಾರ್ಪ್‌ನ ‘ಡೈನಮಿಕ್’: ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

ಟೈಪ್ (ಡೇಟಾದ ಬಗೆ: ಸಂಖ್ಯೆ, ಪಠ್ಯ ಇತ್ಯಾದಿ) ವಿಷಯದಲ್ಲಿ ಕಟ್ಟುನಿಟ್ಟಾಗಿದ್ದ ಪ್ರೋಗ್ರಾಮಿಂಗ್ ಭಾಷೆ ಸಿ ಶಾರ್ಪ್‌ಗೆ ಮೈಕ್ರೋಸಾಫ್ಟ್ 2010ರಲ್ಲಿ, 4.0 ಆವೃತ್ತಿಯ ಜೊತೆ, ಡೈನಮಿಕ್ ಎಂಬ ಕೀವರ್ಡ್ ಸೇರಿಸಿತು. ಹಾಗೆ ಘೋಷಿಸಿದ ವೇರಿಯಬಲ್ ಮೇಲೆ ಯಾವ ಮೆಥಡ್ (ಒಂದು ಕೆಲಸ ಮಾಡುವ ಕೋಡ್ ತುಣುಕು) ಕರೆದರೂ ಕಂಪೈಲರ್ (ಕೋಡನ್ನು ಓಡುವ ರೂಪಕ್ಕೆ ತರುವ ಪ್ರೋಗ್ರಾಂ) ತಕರಾರು ಮಾಡುವುದಿಲ್ಲ. ಅಂಥ ಮೆಥಡ್ ಇದೆಯೋ ಇಲ್ಲವೋ ಎಂದು ಗೊತ್ತಾಗುವುದು ಪ್ರೋಗ್ರಾಂ ಓಡುವಾಗಲೇ.

ಎಕ್ಸೆಲ್, ವರ್ಡ್‌ಗಳನ್ನು ಕೋಡ್‌ನಿಂದ ನಡೆಸುವವರಿಗೆ ಇದು ನಿಜಕ್ಕೂ ವರ. ಮೊದಲೆಲ್ಲ ಒಂದು ಸೆಲ್ ತುಂಬಲು ಅದನ್ನು ರೇಂಜ್ ಎಂಬ ಟೈಪ್‌ಗೆ ಕಾಸ್ಟ್ ಮಾಡಬೇಕಿತ್ತು, ಅಂದರೆ ಅದು ಆ ಟೈಪ್ ಎಂದು ಕೋಡ್‌ನಲ್ಲಿ ಹೇಳಬೇಕಿತ್ತು. ಈಗ ರೆಫರೆನ್ಸ್‌ನಲ್ಲಿ ‘ಎಂಬೆಡ್ ಇಂಟರಾಪ್ ಟೈಪ್ಸ್’ ಸೆಟ್ಟಿಂಗ್ ಟ್ರೂ ಇದ್ದರೆ ಸೆಲ್ಸ್[1, 1].ವ್ಯಾಲ್ಯೂ ಎಂದು ನೇರವಾಗಿ ಬರೆದರಾಯಿತು.

ವೇಗದ ಬಗ್ಗೆ ಇರುವಷ್ಟು ಭಯ ಬೇಕಿಲ್ಲ. ಮೊದಲ ಕರೆ ಮಾತ್ರ ನಿಧಾನ: ಬೈಂಡರ್ (ಓಡುವಾಗ ಮೆಥಡ್ ಹುಡುಕಿಕೊಡುವ ಭಾಗ) ಆಗ ಟೈಪ್ ಹುಡುಕಿ, ಕೋಡ್ ತಯಾರಿಸಿ, ಕಾಲ್‌ಸೈಟ್‌ನಲ್ಲಿ (ಕರೆ ಇರುವ ಜಾಗದಲ್ಲಿ) ಇಟ್ಟುಕೊಳ್ಳುತ್ತದೆ. ಅದೇ ಟೈಪ್ ಮತ್ತೆ ಬಂದರೆ ಇಟ್ಟುಕೊಂಡದ್ದನ್ನೇ ಓಡಿಸುತ್ತದೆ. ಒಂದೇ ಲೂಪಿನಲ್ಲಿ ಹತ್ತಾರು ಬೇರೆ ಬೇರೆ ಟೈಪ್ ಹಾಯಿಸಿದರೆ ಮಾತ್ರ ಈ ಲಾಭ ಕರಗುತ್ತದೆ.

ನಿಜವಾದ ತಲೆನೋವು ಬೇರೆ ಕಡೆ ಇದೆ. ಡೈನಮಿಕ್ ವೇರಿಯಬಲ್ ಒಳಗೆ ಲಿಸ್ಟ್ ಇದ್ದರೂ ಅದರ ಮೇಲೆ ಫಸ್ಟ್() ಕರೆದರೆ ‘ರನ್‌ಟೈಮ್ ಬೈಂಡರ್ ಎಕ್ಸೆಪ್ಶನ್’ ಬೀಳುತ್ತದೆ. ಫಸ್ಟ್ ಎಕ್ಸ್‌ಟೆನ್ಶನ್ ಮೆಥಡ್, ಅಂದರೆ ಲಿಸ್ಟ್‌ನ ಒಳಗಿಲ್ಲದೆ ಬೇರೆ ಕಡೆ ಬರೆದ ಮೆಥಡ್. ಅದನ್ನು ಎಲ್ಲಿ ಹುಡುಕಬೇಕೆಂದು ಹೇಳುವ, ಫೈಲಿನ ಮೇಲ್ಭಾಗದ ಯೂಸಿಂಗ್ ಸಾಲುಗಳು ಬೈಂಡರ್‌ಗೆ ತಲುಪುವುದಿಲ್ಲ. ಮೊದಲು ಸರಿಯಾದ ಟೈಪ್‌ಗೆ ಕಾಸ್ಟ್ ಮಾಡಿ, ಆಮೇಲೆ ಕರೆಯಿರಿ.

ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಅನಾನಿಮಸ್ ಟೈಪ್ (ಹೆಸರಿಡದೆ ಸ್ಥಳದಲ್ಲೇ ಕಟ್ಟುವ ಟೈಪ್). ಒಂದು ಅಸೆಂಬ್ಲಿಯಲ್ಲಿ (ಕಂಪೈಲ್ ಆದ ಫೈಲ್‌ನಲ್ಲಿ) ಕಟ್ಟಿ ಇನ್ನೊಂದರಲ್ಲಿ ಡೈನಮಿಕ್ ಆಗಿ ಓದಿದರೆ, ‘ಆಬ್ಜೆಕ್ಟ್‌ನಲ್ಲಿ ಆ ಹೆಸರಿನ ಸದಸ್ಯನೇ ಇಲ್ಲ’ ಎಂಬರ್ಥದ ಎರರ್ ಬರುತ್ತದೆ. ಡೀಬಗರ್‌ನಲ್ಲಿ ನೋಡಿದರೆ ಪ್ರಾಪರ್ಟಿ ಕಣ್ಣೆದುರೇ ಇರುತ್ತದೆ! ಅನಾನಿಮಸ್ ಟೈಪ್‌ಗಳು ಇಂಟರ್ನಲ್ (ತಮ್ಮ ಅಸೆಂಬ್ಲಿಯ ಹೊರಗೆ ಕಾಣದಂಥವು) ಆಗಿರುವುದೇ ಕಾರಣ. ಪಬ್ಲಿಕ್ ಆದ ಪುಟ್ಟ ರೆಕಾರ್ಡ್ (ಡೇಟಾ ಹಿಡಿಯುವ, ಹೆಸರುಳ್ಳ ಟೈಪ್) ಬರೆದುಬಿಡುವುದೇ ವಾಸಿ.

ಜೇಸನ್ (ಡೇಟಾ ಸಾಗಿಸುವ ಪಠ್ಯರೂಪ) ಓದುವಾಗ ಲೈಬ್ರರಿ ಯಾವುದೆಂದು ನೋಡಿ. ಸಿಸ್ಟಮ್.ಟೆಕ್ಸ್ಟ್.ಜೇಸನ್ ಡೈನಮಿಕ್‌ಗೂ ಜೇಸನ್‌ಎಲಿಮೆಂಟ್ ಎಂಬ ತನ್ನದೇ ಟೈಪ್ ಅನ್ನು ಕೊಡುತ್ತದೆ, ಚುಕ್ಕೆ ಹಾಕಿ ಫೀಲ್ಡ್ ಹೆಸರು ಬರೆದರೆ ನಡೆಯುವುದಿಲ್ಲ. ನ್ಯೂಟನ್‌ಸಾಫ್ಟ್ ಲೈಬ್ರರಿಯಲ್ಲಿ ನಡೆಯುತ್ತದೆ, ಆದರೆ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಸದ್ದಿಲ್ಲದೆ ನಲ್ (ಖಾಲಿ) ಬರುತ್ತದೆ. ಎರರ್ ಹಾರುವುದು ಎಷ್ಟೋ ಸಾಲು ಆಚೆ. ಓಡುವಾಗ ಫೀಲ್ಡ್ ಸೇರಿಸಬಹುದಾದ ಎಕ್ಸ್‌ಪ್ಯಾಂಡೊ ಆಬ್ಜೆಕ್ಟ್ ತಪ್ಪಿದ ಸಾಲಿನಲ್ಲೇ ಎಕ್ಸೆಪ್ಶನ್ ಎಸೆಯುತ್ತದೆ. ನನಗೆ ಅದೇ ಮೇಲು.

ಡೈನಮಿಕ್ ಹರಡುವ ಗುಣದ್ದು. ಅದರಿಂದ ಬಂದದ್ದನ್ನು ‘ವಾರ್’ (var, ಟೈಪ್ ಅನ್ನು ಕಂಪೈಲರ್‌ಗೇ ಬಿಡುವ ಕೀವರ್ಡ್) ಎಂದು ಹಿಡಿದರೆ ಅದೂ ಡೈನಮಿಕ್. ಇಂಟೆಲಿಸೆನ್ಸ್ (ಎಡಿಟರ್ ಕೊಡುವ ಕೋಡ್ ಸಲಹೆ) ಹೋಯಿತು, ರೀನೇಮ್ ಮಾಡಿದರೆ ಆ ಸಾಲು ಹಳೆಯ ಹೆಸರಿನಲ್ಲೇ ಉಳಿಯಿತು. ಎಡಗಡೆ ಸ್ಟ್ರಿಂಗ್, ಇಂಟ್ ಎಂದು ಸ್ಪಷ್ಟವಾಗಿ ಬರೆಯಿರಿ, ಅಲ್ಲಿಗೇ ನಿಲ್ಲುತ್ತದೆ. ಪಬ್ಲಿಕ್ ಮೆಥಡ್‌ಗಳ ಪ್ಯಾರಾಮೀಟರ್‌ನಲ್ಲಂತೂ ಡೈನಮಿಕ್ ಬೇಡವೇ ಬೇಡ.

ನೇಟಿವ್ ಎಒಟಿಯಲ್ಲಿ (ಮೊದಲೇ ಮೆಷಿನ್ ಕೋಡ್ ಮಾಡಿಡುವ ವಿಧಾನ) ಪಬ್ಲಿಷ್ ಮಾಡುವ ಯೋಚನೆಯಿದ್ದರೆ ಇದನ್ನು ಮುಟ್ಟಲೇಬೇಡಿ. ಓಡುವಾಗ ಕೋಡ್ ಹುಟ್ಟಿಸುವ ಸೌಲಭ್ಯ ಅಲ್ಲಿಲ್ಲ. ಬಿಲ್ಡ್‌ನಲ್ಲಿ ಬರುವ ಎಚ್ಚರಿಕೆಗಳನ್ನು ಮುಚ್ಚಿಹಾಕಿದರೆ ಅದೇ ಸಾಲುಗಳು ಗ್ರಾಹಕರ ಮೆಷಿನ್‌ನಲ್ಲಿ ಬೀಳುತ್ತವೆ.