ಅಂಕೋರ್‌ನ 62 ಡಾಲರ್ ಟಿಕೆಟ್: ದುಡ್ಡು ಎಲ್ಲಿ ಹುಟ್ಟಿತು, ಎಲ್ಲಿ ಇಲ್ಲ

ಮೊದಲು ದುಡ್ಡಿನ ಮಾತು. ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಹೋಗಿ ಅಂಕೋರ್‌ನ ಹಳೆಯ ಗುಡಿಗಳನ್ನು ನೋಡಲು ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಡಾರ್ಮಿಟರಿಯಲ್ಲಿ ರಾತ್ರಿಗೆ 6 ಡಾಲರ್ ಕೊಟ್ಟು ಮಲಗುವ ನನ್ನಂಥವಳಿಗೆ 62 ಅಂದರೆ ಹತ್ತು ರಾತ್ರಿಯ ನಿದ್ದೆ. ಕೌಂಟರಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಮೂರು ದಿನದ್ದೇ ತಗೊಂಡೆ. ಮೂರೂ ದಿನ ಒಟ್ಟಿಗೇ ಮುಗಿಸಬೇಕಿಲ್ಲ, ಹತ್ತು ದಿನದೊಳಗೆ ಯಾವಾಗ ಬೇಕಾದರೂ ಹೋಗಬಹುದು. ನಡುವೆ ಒಂದು ದಿನ ಕಾಲು ಚಾಚಿ ಬಿದ್ದುಕೊಂಡಿದ್ದೆ, ಅದು ಲೆಕ್ಕಕ್ಕೆ ಬರಲಿಲ್ಲ. ನಮ್ಮ ಫೋಟೊ ಅಲ್ಲೇ ತೆಗೆದು ಟಿಕೆಟ್ಟಿಗೆ ಹಾಕುತ್ತಾರೆ, ಉಳಿದ ದಿನವನ್ನು ಮತ್ತೊಬ್ಬರಿಗೆ ದಾಟಿಸುವ ಜಾಣತನ ನಡೆಯುವುದಿಲ್ಲ.

ಸೂರ್ಯೋದಯ ನೋಡಲೇಬೇಕು ಅಂತ ಎಲ್ಲರೂ ಹೇಳಿದ್ದರು. ನಾಲ್ಕೂವರೆಗೆ ಎದ್ದು ಹೋದೆ. ಅಂಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದ ಗುಡಿ, ಹಾಗಾಗಿ ಸೂರ್ಯ ಬರುವುದು ಗೋಪುರಗಳ ಬೆನ್ನಿಗೆ. ಕೊಳದ ದಂಡೆಯಲ್ಲಿ ಶಿರಸಿ ಮಾರಿಕಾಂಬಾ ಜಾತ್ರೆಯಷ್ಟು ಜನ. ನನಗೆ ಕಂಡದ್ದು ಒಬ್ಬರ ಸೆಲ್ಫಿ ಸ್ಟಿಕ್ಕು, ಅದರಾಚೆ ಮೋಡ. ಸೂರ್ಯೋದಯಕ್ಕೆ ಐದಕ್ಕೆ ಎರಡು ನಕ್ಷತ್ರ, ಅದೂ ಕಪ್ಪೆಗಳ ಕೂಗಿಗೆ.

ಆದರೆ ಏಳು ಗಂಟೆಗೆ ಆ ಜನವೆಲ್ಲ ತಿಂಡಿಗೆ ವಾಪಸ್ ಹೊರಡುತ್ತದೆ ನೋಡಿ, ಆಗ ಒಳಗೆ ಹೋಗಬೇಕು. ಉದ್ದಕ್ಕೂ ಉಬ್ಬುಶಿಲ್ಪದ ಪಡಸಾಲೆಗಳು, ನಾನೊಬ್ಬಳೇ. ಪಶ್ಚಿಮದ ಗೋಡೆಯಲ್ಲಿ ಕುರುಕ್ಷೇತ್ರ. ಯಕ್ಷಗಾನ ನೋಡುತ್ತ ಬೆಳೆದವಳಿಗೆ ಗೈಡ್ ಬೇಕಾಗಲಿಲ್ಲ, ಶರಶಯ್ಯೆಯ ಭೀಷ್ಮನನ್ನು ದೂರದಿಂದಲೇ ಗುರುತು ಹಿಡಿದೆ. ಪೂರ್ವದಲ್ಲಿ 49 ಮೀಟರ್ ಉದ್ದದ ಸಮುದ್ರಮಥನ: ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಆಮೆ. ವಾಸುಕಿಯ ಬಾಲದ ತುದಿ ಹಿಡಿದವನು ಒಬ್ಬ ವಾನರ! ಅಜ್ಜಿ ಹೇಳಿದ ಕತೆಯಲ್ಲಿ ಇವನಿರಲಿಲ್ಲ. ಇದನ್ನು ಕಟ್ಟಿಸಿದ ಎರಡನೇ ಸೂರ್ಯವರ್ಮ ನಮ್ಮ ಹೊಯ್ಸಳ ವಿಷ್ಣುವರ್ಧನನ ಕಾಲದವನೇ. ಬೇಲೂರಿನ ಗುಡಿಯೂ ಇದೂ ಒಂದೇ ಹೊತ್ತಿನಲ್ಲಿ ಮೇಲೇಳುತ್ತಿದ್ದವು ಅನ್ನುವುದು ಅಲ್ಲಿ ನಿಂತಾಗ ಹೊಳೆಯಿತು. ಈ ಒಂದು ಬೆಳಗಿಗೇ ಟಿಕೆಟ್ಟಿನ ಅರ್ಧ ದುಡ್ಡು ಹುಟ್ಟಿತು.

ಅತಿ ಮೇಲಿನ ಅಂತಸ್ತಿಗೆ ಮೊಣಕಾಲು, ಭುಜ ಮುಚ್ಚಿದ್ದರೆ ಮಾತ್ರ ಬಿಡುತ್ತಾರೆ. ತೋಳಿಲ್ಲದ ಬನಿಯನ್ನಿನ ಮೇಲೆ ಶಾಲು ಹೊದ್ದರೆ ಆಗುತ್ತದೆ ಅಂದುಕೊಂಡು ಹೋದೆ, ಆಗಲಿಲ್ಲ. ಮರುದಿನ ಅಂಗಿ ಹಾಕಿಕೊಂಡು ಮತ್ತೆ ಹೋದೆ.

ಬಯೋನ್ ಗುಡಿಯ ಕಲ್ಲಿನ ಮುಖಗಳು ಚಂದವೇ, ಆದರೆ ಹತ್ತನೇ ಮುಖದ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಕೆಳಗಿನ ಗೋಡೆಯ ಕೋಳಿ ಅಂಕವನ್ನು ತಪ್ಪಿಸಬೇಡಿ, ಕರಾವಳಿಯವರಂತೂ ಖಂಡಿತ. ತಾ ಪ್ರೋಮ್ ಗುಡಿಯಲ್ಲಿ ಮರದ ಬೇರುಗಳು ಗೋಡೆಯನ್ನು ನುಂಗುತ್ತಿವೆ. ಅಲ್ಲಿನ ಜೀರ್ಣೋದ್ಧಾರಕ್ಕೆ ಕೈಹಾಕಿದ್ದು ನಮ್ಮ ಭಾರತೀಯ ಪುರಾತತ್ವ ಇಲಾಖೆ. ಬೇರಿನ ಮುಂದೆ ಫೋಟೊಗೆ ಕ್ಯೂ ಇತ್ತು, ನಾನು ನಿಲ್ಲಲಿಲ್ಲ.

ಮೂರನೇ ದಿನ ಟುಕ್‌ಟುಕ್ಕಿಗೆ 35 ಡಾಲರ್ ಕೊಟ್ಟು ದೂರ ಹೋದೆ. ಚಾಲಕನನ್ನು ಅಲ್ಲಿಯವರಂತೆ 'ಬಾಂಗ್' ಅಂದೆ, ಅಣ್ಣ ಅಂದ ಹಾಗೆ. ಚೌಕಾಸಿ ಅಲ್ಲಿಗೇ ಮೆತ್ತಗಾಯಿತು. ದಾರಿಯಲ್ಲಿ ತಾಳೆಬೆಲ್ಲ ಕಾಯಿಸುವ ಮನೆಗಳಿದ್ದವು. ಆಲೆಮನೆ ಕಂಡವಳಿಗೆ ಆ ವಾಸನೆ ಸಾಕು, ಗಾಡಿ ನಿಲ್ಲಿಸಲೇಬೇಕು. ಬಾಂತೇ ಸ್ರೇ ಪುಟ್ಟ ಗುಡಿ, ಕ್ರಿ.ಶ. 967ರದು, ಕೆಂಪು ಮರಳುಗಲ್ಲು. ಕೈಲಾಸ ಅಲುಗಿಸುವ ರಾವಣ, ಹೆದರಿ ಶಿವನಿಗೆ ಆತುಕೊಂಡ ಪಾರ್ವತಿ. ಹಳೇಬೀಡಿನ ಅದೇ ದೃಶ್ಯ ನೆನಪಿದ್ದವರು ಇಲ್ಲಿ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಅಲ್ಲಿಂದ ಮುಂದೆ ಕ್ಬಾಲ್ ಸ್ಪಿಯನ್. ಇದಕ್ಕೂ ಅದೇ ಟಿಕೆಟ್ ಆಗುತ್ತದೆ, ಆದರೂ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದವರು ಒಬ್ಬರೂ ಹೋಗಿರಲಿಲ್ಲ. ಒಂದೂವರೆ ಕಿಲೋಮೀಟರ್ ಕಾಡಿನ ಏರು. ಮೇಲೆ ಹೊಳೆ, ಹೊಳೆಯ ತಳಕ್ಕೇ ಕೆತ್ತಿದ ನೂರಾರು ಲಿಂಗ. ನಾನು ಶಿರಸಿಯವಳು, ಶಾಲ್ಮಲೆಯ ಸಹಸ್ರಲಿಂಗಕ್ಕೆ ಪ್ರತಿ ಬೇಸಿಗೆ ರಜೆಯಲ್ಲೂ ಹೋದವಳು. ನಮ್ಮಲ್ಲಿ ಬಂಡೆಗಳ ಮೇಲೆ ಲಿಂಗ, ಎದುರಿಗೆ ನಂದಿ. ಇಲ್ಲಿ ಪಡ್ಡಿನ ಕಾವಲಿಯನ್ನು ಬೋರಲು ಹಾಕಿದ ಹಾಗೆ ಸಾಲುಸಾಲು ಗುಬುಟು, ಮೇಲೆ ತಿಳಿನೀರು. ಅಂಕೋರ್ ಕಡೆಗೆ ಹರಿಯುವ ನೀರು ಲಿಂಗ ಮುಟ್ಟಿ ಪವಿತ್ರವಾಗಲಿ ಅಂತ ಕೆತ್ತಿದ್ದಂತೆ. ನವೆಂಬರ್ ಆದ್ದರಿಂದ ನೀರಿತ್ತು, ಬೇಸಿಗೆಯಲ್ಲಿ ಇಳಿದುಹೋಗುತ್ತದೆ. ಕೆಳಗಿಳಿದು ಚಾಲಕನಿಗೆ ಫೋನಿನಲ್ಲಿ ನಮ್ಮ ಸಹಸ್ರಲಿಂಗ ತೋರಿಸಿದೆ. ಹಿಗ್ಗಿಸಿ ಹಿಗ್ಗಿಸಿ ನೋಡಿ, "ಟಿಕೆಟ್ ಎಷ್ಟು?" ಅಂದ. ಇಲ್ಲ ಅಂದರೆ ನಂಬಲಿಲ್ಲ. ಅವನಿಗೆ ಐದಕ್ಕೆ ಐದು.

ಊಟದ ವಿಷಯ: ಸಸ್ಯಾಹಾರಿಗಳು 'ಓತ್ ಸಾಚ್', ಮಾಂಸ ಬೇಡ, ಅಂದರೆ ಸಾಲದು. ಮೀನಿನ ಸಾಸು ಅವರಿಗೆ ಮಾಂಸದ ಲೆಕ್ಕವಲ್ಲ, ಬೇರೆಯಾಗಿ ಹೇಳಬೇಕು. ನಾನು ಮೂರು ದಿನ ಅನ್ನ, ಸೊಪ್ಪು, ಬಾಳೆಹಣ್ಣಿನಲ್ಲೇ ಕಳೆದೆ.

ಇನ್ನೊಂದು. ಡಾಲರ್ ನೋಟು ಎಲ್ಲ ಕಡೆ ನಡೆಯುತ್ತದೆ, ಚಿಲ್ಲರೆ ಮಾತ್ರ ರಿಯೆಲ್‌ನಲ್ಲಿ ಬರುತ್ತದೆ, ಡಾಲರಿಗೆ ಸುಮಾರು 4000. ಆದರೆ ಅಂಚು ಚೂರು ಹರಿದಿದ್ದರೂ ನೋಟನ್ನು ಯಾರೂ ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಹಣ ಬದಲಿಸುವಾಗಲೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ನನ್ನ 20ರ ನೋಟೊಂದು ಅಂಕೋರ್ ಪೂರ್ತಿ ಸುತ್ತಿ, ಹಾಗೇ ಶಿರಸಿಗೆ ವಾಪಸ್ ಬಂದಿದೆ.